ಬಾಗಿಲಿಗೆ ಬಂದ ಮೇಲಿನ ಮಾತು

ಮೂವತ್ತು ವರ್ಷ ಸರ್ಕಾರಿ ಬಾಲಕಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಬೆಳಿಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಹಾಜರಿ, ಏಳಕ್ಕೆ ಉಪ್ಪಿಟ್ಟು. ಗಂಟೆ ಹೊಡೆದ ಮೇಲೂ ಹಾಸಿಗೆಯಲ್ಲಿ ಸಿಕ್ಕವಳಿಗೆ ಉಪ್ಪಿಟ್ಟು ಕೊನೆಗೆ, ಆರಿದ ಮೇಲೆ. ನಿವೃತ್ತಿಯ ದಿನ ಹಾಸ್ಟೆಲಿನ ಕೀಲಿಗಳನ್ನು ಒಪ್ಪಿಸಿದೆ. ಅಭ್ಯಾಸವನ್ನು ಒಪ್ಪಿಸಿಕೊಳ್ಳಲು ಯಾರೂ ಬರಲಿಲ್ಲ. ಹೀಗಾಗಿ ಚಿತ್ತಾಪುರದ ನನ್ನ ಮನೆಯಲ್ಲಿ ಆಮೇಲೂ ಐದಕ್ಕೆ ಎಲ್ಲರೂ ಏಳುತ್ತಿದ್ದರು. ಎಲ್ಲರೂ ಎಂದರೆ ನಾನು.

ಅಕ್ಕನನ್ನು ಕ್ಯಾನ್ಸರ್ ಚಿಕಿತ್ಸೆಗೆಂದು ಹೊರದೇಶಕ್ಕೆ ಕರೆದುಕೊಂಡು ಹೋಗಬೇಕಾದಾಗ ಬಂಧುಗಳೆಲ್ಲ ಒಂದೇ ಮಾತು ಹೇಳಿದರು: 'ನೀವಿದ್ದೀರಲ್ಲ, ಇನ್ನೇನು ಚಿಂತಿ?' ನನಗೂ ಹಾಗೆಯೇ ಅನ್ನಿಸಿತ್ತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಮ್ಮ ತವರು ಚಿಂಚೋಳಿ ತಾಲ್ಲೂಕಿನಲ್ಲಿ, ಚಂದ್ರಂಪಳ್ಳಿ ಡ್ಯಾಮಿನ ಆಚೆಗಿನ ಒಂದು ಹಳ್ಳಿ. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಕೂಲಿಗೆ, ಒಬ್ಬಳು ಶಾಲೆಗೆ ಎಂದು ಮನೆಯಲ್ಲಿ ತೀರ್ಮಾನವಾದಾಗ ಅವಳಿಗೆ ಹತ್ತು ವರ್ಷ, ನನಗೆ ಮೂರು. ತೀರ್ಮಾನದಲ್ಲಿ ನನ್ನ ಪಾತ್ರವಿರಲಿಲ್ಲ, ಲಾಭವಷ್ಟೇ ನನ್ನದಾಯಿತು. ಮದುವೆಯಾಗಿ ಸೇಡಂಗೆ ಬಂದ ಮೇಲೆ ಅವಳು ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುವ ಕೆಲಸಕ್ಕೆ ಸೇರಿದಳು. ಅವಳ ಬೆರಳುಗಳು ಕಣ್ಣಿಗಿಂತ ಚುರುಕು. ಮುಖವನ್ನು ಪಕ್ಕದವಳ ಕಡೆ ತಿರುಗಿಸಿ ಹರಟುತ್ತಿರುವಾಗಲೂ ಕೈ ಮೊರದೊಳಗಿನ ಹರಳನ್ನು ಹುಡುಕಿ ಎತ್ತಿ ಬಿಸಾಡುತ್ತಿತ್ತು. ರೊಟ್ಟಿ ಬಡಿಯುವುದೂ ಹಾಗೆಯೇ. ಓದಿದವಳು ನಾನಾದರೂ, ನನ್ನ ರೊಟ್ಟಿಯನ್ನು ನೋಡಿ 'ಇದು ಯಾವ ದೇಶದ ನಕಾಶಿ?' ಎಂದು ಕೇಳುವ ಹಕ್ಕು ಅವಳಿಗಿತ್ತು.

ಕಾಯಿಲೆ ಗೊತ್ತಾದದ್ದು ಹೀಗೆ. ಮೊಣಕಾಲು ನೋವೆಂದಳು. ಸೇಡಂನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಲು ಗಂಟೆ ಮೊಣಕಾಲಿನ ಚರ್ಚೆ ನಡೆಯಿತು. ಚೀಟಿ ಬರೆಸಿಕೊಂಡು ಎದ್ದಳು, ಚಪ್ಪಲಿ ಮೆಟ್ಟಿದಳು, ಬಾಗಿಲ ಪರದೆ ಸರಿಸಿದಳು. ಆಮೇಲೆ ತಿರುಗಿ ನಿಂತು ಹೇಳಿದಳು:

"ಅದ ಖರೇರಿ ಸಾಹೇಬ್ರ, ಇಲ್ಲಿ ಎದಿಮ್ಯಾಲ ಒಂದು ಸಣ್ಣ ಗಂಟು ಆಗ್ಯಾದ. ಏನೂ ತ್ರಾಸಿಲ್ಲ. ಬರ್ತೀನ್ರಿ."

"ಬರಬ್ಯಾಡ್ರಿ, ಕುಂದ್ರಿ," ಅಂದರು ಡಾಕ್ಟರು. "ಎಷ್ಟು ದಿನ ಆತು?"

"ತೊಗರಿ ರಾಶಿ ಆದಾಗಿಂದ್ರಿ."

ಆಗ ಹೊರಗೆ ಮಳೆಗಾಲ. ತೊಗರಿಯ ರಾಶಿ ಮುಗಿದು, ಬೇಳೆಯಾಗಿ, ಊರೂರಿನ ಸಾರಿನಲ್ಲಿ ಕುದಿದು ಖಾಲಿಯಾಗಿತ್ತು.

ಇದು ಅಕ್ಕನೊಬ್ಬಳ ಗುಣವಲ್ಲ. ನಮ್ಮ ಕಡೆ ಮುಖ್ಯವಾದ ಮಾತನ್ನು ಯಾರೂ ಕುಳಿತು ಆಡುವುದಿಲ್ಲ. ಬಂದ ಕೂಡಲೇ 'ಆರಾಮ ಇದ್ದೀರಿ?' ಎಂದು ಕೇಳುತ್ತಾರೆ. 'ಆರಾಮ್ರಿ' ಎಂದು ಹೇಳಬೇಕು. ಕಾಲು ಮುರಿದಿದ್ದರೂ ಅದೇ ಉತ್ತರ, ಮನೆಗೆ ಬೆಂಕಿ ಬಿದ್ದಿದ್ದರೂ ಅದೇ. ನಂತರ ಚಹಾ, ಮಳೆ, ಬಸ್ಸು, ಪರರ ಮಕ್ಕಳ ಮದುವೆ. ಎದ್ದು ಹೊರಟು, ಹೊಸ್ತಿಲ ಹತ್ತಿರ ನಿಂತ ಮೇಲೆಯೇ ಬಂದ ಕೆಲಸ ಬಾಯಿಗೆ ಬರುವುದು. ಹೆಣ್ಣು ನೋಡಲು ಬಂದವರು ಒಪ್ಪಿಗೆ ಹೇಳುವುದು ಅಲ್ಲಿ, ಸಾವಿನ ಸುದ್ದಿ ಕೊಡುವುದೂ ಅಲ್ಲಿ. ಹಾಸ್ಟೆಲಿನಲ್ಲಿ ನಾನು ಈ ಪದ್ಧತಿಯ ವಿರುದ್ಧ ಮೂವತ್ತು ವರ್ಷ ಹೋರಾಡಿದ್ದೆ. 'ಕೇಳಿದ್ದಕ್ಕ ಉತ್ತರ ಹೇಳು, ಬಾಗಲದಾಗ ನಿಂತು ಪುರಾಣ ಹಚ್ಚಬ್ಯಾಡ' ಎಂಬುದು ನನ್ನ ಪ್ರಸಿದ್ಧ ವಾಕ್ಯ.

ಕಲಬುರಗಿಯಲ್ಲಿ ಪರೀಕ್ಷೆಯಾಯಿತು. ಕ್ಯಾನ್ಸರ್ ಎಂದರು, ಚಿಕಿತ್ಸೆ ಸಾಧ್ಯವಿದೆ ಎಂದೂ ಹೇಳಿದರು. ಅಕ್ಕನ ಒಬ್ಬನೇ ಮಗ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಆಗ್ಗೆ ಮೂರು ವರ್ಷಗಳಿಂದ ಮಸ್ಕತ್ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿದ್ದ. ಅವನ ಕಂಪನಿಯ ವಿಮೆಯಲ್ಲಿ ತಾಯಿಯ ಹೆಸರೂ ಇತ್ತು. ಆದರೆ ಚಿಕಿತ್ಸೆ ಅಲ್ಲಿಯೇ ಆಗಬೇಕಂತೆ. ಸೇಡಂನಿಂದ ಹೈದರಾಬಾದಿಗೆ ರೈಲಿನಲ್ಲಿ ಒಂದು ಮಧ್ಯಾಹ್ನದ ದಾರಿ. ಅಲ್ಲಿಯ ಆಸ್ಪತ್ರೆಗಳಿಗೆ ಎಲ್ಲೆಲ್ಲಿಯ ದೇಶದವರೋ ಬರುತ್ತಾರೆ. ನಾವು ಅದೇ ಹೈದರಾಬಾದಿಗೆ ಹೋಗಿ, ಆ ಆಸ್ಪತ್ರೆಗಳ ಫಲಕಗಳನ್ನೆಲ್ಲ ಟ್ಯಾಕ್ಸಿಯ ಕಿಟಕಿಯಿಂದ ಓದಿಕೊಳ್ಳುತ್ತ ವಿಮಾನ ನಿಲ್ದಾಣ ತಲುಪಿದೆವು. ಟ್ಯಾಕ್ಸಿಯವನು ತಪ್ಪಿ ಬಂದಿಳಿಯುವವರ ಬಾಗಿಲಿಗೆ ಬಿಟ್ಟ. ಒಳಗಿನಿಂದ ಅರಬರ ಉದ್ದ ಅಂಗಿಯ ಮುದುಕನೊಬ್ಬ ಗಾಲಿಕುರ್ಚಿಯಲ್ಲಿ ಬಂದ. ಅವನ ಮಗನ ಕೈಯಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ ಇತ್ತು, ನನ್ನ ಕೈಯಲ್ಲೂ ಅಂಥದೇ ಇತ್ತು. ಅಕ್ಕ ಅವನನ್ನೂ ನನ್ನನ್ನೂ ನೋಡಿದಳು.

"ಅವರು ಇಲ್ಲಿಗಿ ಬರಾಕತ್ತಾರ, ನಾವು ಅಲ್ಲಿಗಿ ಹೊಂಟೀವಿ. ಡಾಕ್ಟರs ಅದ್ಲಾಬದ್ಲಿ ಆಗಿದ್ರ ಆಗ್ತಿತ್ತು, ನಮಗ್ಯಾಕ ಈ ತಿರುಗಾಟ?"

"ಸುಮ್ನ ನಡಿ ಅಕ್ಕಾ, ಟೈಮ್ ಆಗ್ಯಾದ," ಅಂದೆ. ವಿಮಾನಕ್ಕೆ ಇನ್ನೂ ನಾಲ್ಕು ತಾಸಿತ್ತು.

ಬಂಧುಗಳನ್ನು ಬಿಟ್ಟು ಊರಲ್ಲಿ ಯಾರಿಗೂ ಕಾಯಿಲೆಯ ಹೆಸರು ಹೇಳಿರಲಿಲ್ಲ. ಮಗನ ಮನೆಗೆ ಹೋಗುತ್ತಾಳೆ ಎಂದಷ್ಟೇ ಸುದ್ದಿ. ಓಣಿಯ ಬುದ್ಧವಿಹಾರದಲ್ಲಿ ವಂದನೆ ಮುಗಿಸಿ ಹೊರಟಾಗ ಹೆಂಗಸರೆಲ್ಲ ನಕ್ಕೊಂಡು ಬೀಳ್ಕೊಟ್ಟರು. ಒಬ್ಬಳಿಗೆ ಖರ್ಜೂರ ಬೇಕು, ಒಬ್ಬಳಿಗೆ ಅತ್ತರು, ಇನ್ನೊಬ್ಬಳಿಗೆ ಎರಡು ಕಡೆಯೂ ಹೊದೆಯಲು ಬರುವ ಕಂಬಳಿ. ಮುಂದೆ ಅಲ್ಲಿ ಕೂದಲೆಲ್ಲ ಉದುರಿ ತಲೆಗೆ ಸೆರಗು ಬಿಗಿದುಕೊಂಡು ಮಲಗಿದ್ದಾಗಲೂ ಅವಳಿಗೆ ಫೋನು ಬರುತ್ತಿತ್ತು. "ಹ್ಞೂಂ, ಆರಾಮ ಅದೀನಿ. ಕಂಬಳಿ ನೆನಪದ. ಹೂವಿಂದು ಬೇಕೋ, ಹುಲಿ ಚಿತ್ರದ್ದೋ?"

ಅಲ್ಲಿಯ ಡಾಕ್ಟರು ಐವತ್ತರ ಆಸುಪಾಸಿನವರು. ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಅಕ್ಕನ ಮಗನಿಗೆ ಕಾರ್ಖಾನೆಯ ಪಾಳಿ ಬಿಟ್ಟು ಬರಲಾಗದು. ದುಭಾಷಿ ಬೇಕೇ ಎಂದು ಆಸ್ಪತ್ರೆಯವರು ಕೇಳಿದರು. 'ನಾನಿದ್ದೇನೆ' ಎಂದೆ. ಮೂವತ್ತು ವರ್ಷ ಜಿಲ್ಲಾ ಕಚೇರಿಗೆ ಇಂಗ್ಲಿಷಿನಲ್ಲಿ ವರದಿ ಕಳಿಸಿದವಳು.

ಮೊದಲ ದಿನವೇ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಮೊದಲು ಔಷಧ, ವಾರಕ್ಕೊಂದರಂತೆ ಹನ್ನೆರಡು ಸಲ. ಗಂಟು ಕುಗ್ಗಿದ ಮೇಲೆ ಆಪರೇಷನ್. ಈ ಔಷಧ ಕೈಕಾಲಿನ ನರಗಳಿಗೆ ತಾಗಬಹುದು. ಬೆರಳ ತುದಿ ಜುಮ್ಮೆನ್ನುವುದು, ಮರಗಟ್ಟುವುದು ಶುರುವಾದ ಕೂಡಲೇ ಹೇಳಬೇಕು. ಹೇಳಿದರೆ ಪ್ರಮಾಣ ಇಳಿಸಿ ಕೈಯನ್ನೂ ಉಳಿಸಬಹುದು, ಚಿಕಿತ್ಸೆಯನ್ನೂ ಮುಗಿಸಬಹುದು. ಹೇಳದೆ ಬಿಟ್ಟರೆ ಸ್ಪರ್ಶ ಮತ್ತೆ ಬರದೇ ಹೋಗಬಹುದು. ಇದನ್ನೆಲ್ಲ ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಒಂದು ಹಾಜರಿ ಪುಸ್ತಕಕ್ಕೆ ಗೆರೆ ಹೊಡೆದೆ: ಜ್ವರ, ವಾಂತಿ, ಊಟ, ಕೈ, ಕಾಲು. ದಿನವೂ ಬೆಳಿಗ್ಗೆ ಆರಕ್ಕೆ ಕೇಳಿ ಬರೆಯುವುದು.

"ಕೈ?"

"ಆರಾಮ."

"ಕಾಲು?"

"ಆರಾಮ."

"ಊಟ?"

"ನೀನs ನೋಡಾಕತ್ತೀಯಲ್ಲ, ಪರೀಕ್ಷಿ ಯಾಕ ತೊಗೋತಿ? ನಾ ನಿನ್ನ ಹಾಸ್ಟೆಲ್ ಹುಡುಗಿಯೇನ?"

ಐದು ಖಾನೆಗಳಲ್ಲೂ ಅಚ್ಚುಕಟ್ಟಾದ ಗುರುತು ಬೀಳುತ್ತಿತ್ತು. ಆ ಪುಸ್ತಕವನ್ನು ನರ್ಸುಗಳು ಒಬ್ಬರಿಗೊಬ್ಬರು ತೋರಿಸಿ ಮೆಚ್ಚಿಕೊಂಡರು. ನಾನೂ ಬೇಡವೆನ್ನಲಿಲ್ಲ.

ಆಸ್ಪತ್ರೆಗೆ ಹೋಗುವುದು ವಾರದ ಹಬ್ಬದಂತಾಯಿತು. ಕಿಮೋ ಎಂಬ ಶಬ್ದ ಅಕ್ಕನ ಬಾಯಲ್ಲಿ ಖೀಮಾ ಆಗಿತ್ತು. "ಇವತ್ತ ಖೀಮಾ ಅದ, ಲಗೂನ ತಯಾರಾಗು" ಎಂದು ಅವಳೇ ನನಗೆ ಅವಸರ ಮಾಡುತ್ತಿದ್ದಳು. ಪಕ್ಕದ ಫ್ಲ್ಯಾಟಿನ ಹೈದರಾಬಾದಿನ ಹೆಂಗಸು, ಪ್ರತಿ ವಾರ ಇವರ ಮನೆಯಲ್ಲಿ ಮಾಂಸದೌತಣ ಎಂದುಕೊಂಡು ಒಂದು ಸಲ ಬಟ್ಟಲು ಹಿಡಿದು ಬಂದೂಬಿಟ್ಟಳು.

ಡಾಕ್ಟರು ಪ್ರತಿ ವಾರ ಕೇಳುವರು: ಕೈಕಾಲು ಹೇಗಿವೆ? ಅಕ್ಕ ಹೇಳುವಳು: "ಆರಾಮ್ರಿ." ನಾನು ಹೇಳುವೆ: 'ಫೈನ್'. ಅವರು ಕಂಪ್ಯೂಟರಿನಲ್ಲಿ ತೊಂದರೆಯಿಲ್ಲ ಎಂದು ದಾಖಲಿಸುವರು. ಒಬ್ಬರ ಮರ್ಯಾದೆಯ ಮಾತು ಮೂರು ಹೆಜ್ಜೆಯಲ್ಲಿ ವೈದ್ಯಕೀಯ ಸತ್ಯವಾಗುವುದನ್ನು ನಾನು ಎದುರಿಗೇ ಕುಳಿತು ನೋಡುತ್ತಿದ್ದೆ, ಸಮಯಕ್ಕೆ ಸರಿಯಾಗಿ ಮುಗಿಯಿತಲ್ಲ ಎಂಬ ತೃಪ್ತಿಯಿಂದ. ಎದ್ದು ಬಾಗಿಲಿಗೆ ಬಂದಾಗ ಅಕ್ಕ ತಿರುಗಿ ನಿಲ್ಲುವಳು. "ಅದ ಖರೇ..." ಎಂದು ಶುರು ಮಾಡುವಳು. ನಾನು ಅವಳ ತೋಳು ಹಿಡಿದು, "ನಡಿ ಅಕ್ಕಾ, ಹೊರಗ ಮಂದಿ ನಿಂತಾರ, ಇದೇನ್ ನಮ್ಮೂರೇನ?" ಎಂದು ಹೊರಗೆ ಕರೆದೊಯ್ಯುವೆ. ಒಂದು ಸಲವಲ್ಲ, ನಾಲ್ಕು ವಾರ ಹೀಗೆ ಮಾಡಿದೆ. ಲೆಕ್ಕ ತಪ್ಪುವ ಪೈಕಿಯವಳು ನಾನಲ್ಲ.

ಆರನೇ ವಾರದ ಹೊತ್ತಿಗೆ ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆಯತೊಡಗಿದಳು.

"ಏನಾತ?"

"ಈ ನೆಲ ಸರಿ ಇಲ್ಲ ತಂಗಿ. ಕನ್ನಡಿ ಹಂಗ ಮಾಡ್ಯಾರ. ನಮ್ಮ ಶಹಾಬಾದ ಫರ್ಸಿ ಹಾಸಿದ್ರ ಹಿಂಗ ಜಾರ್ತಿತ್ತೇನ?"

ಶಹಾಬಾದಿನ ಕಲ್ಲಿನ ಮೇಲಿನ ಅಭಿಮಾನದಿಂದ ನಾನೂ ತಲೆಯಾಡಿಸಿದೆ. ಅದೇ ವಾರ ಅವಳ ಬೆರಳುಗಳಲ್ಲಿ ಎರಡು ಬೊಬ್ಬೆ ಕಂಡೆ. ರೊಟ್ಟಿ ಮಾಡುವಾಗ ಗಮನವಿಲ್ಲವೆಂದು ಬೈದೆ. ಪುಸ್ತಕದಲ್ಲಿ ಬೊಬ್ಬೆಗೆ ಖಾನೆ ಇರಲಿಲ್ಲ, ಆದ್ದರಿಂದ ಬರೆಯಲಿಲ್ಲ.

ಏಳನೇ ವಾರ, ಒಂದು ಬೆಳಿಗ್ಗೆ. ಅಕ್ಕ ಮಗನ ಬುತ್ತಿಗೆ ರೊಟ್ಟಿ ಬೇಯಿಸುತ್ತಿದ್ದಳು. ನಾನು ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ರೊಟ್ಟಿ ತಿರುವಿ ಹಾಕಿದವಳು ಕೈಯನ್ನು ಹಂಚಿನ ಅಂಚಿನ ಮೇಲೆಯೇ ಇಟ್ಟುಕೊಂಡು ನನ್ನ ಜೊತೆ ಮಾತಾಡುತ್ತಿದ್ದಳು. ಮಾತು ಮುಂದುವರಿಯಿತು. ಕೈ ಅಲ್ಲಿಯೇ ಇತ್ತು.

"ಅಕ್ಕಾ, ಕೈ!"

"ಏನಾತ?" ಎನ್ನುತ್ತ ಸಾವಕಾಶವಾಗಿ ತೆಗೆದಳು.

"ಸುಡಲಿಲ್ಲೇನ ನಿನಗ?"

"ಇದು ಕರೆಂಟಿನ ಒಲಿ. ಫಾರಿನ್ ಒಲಿ ಕೈ ಸುಡಂಗಿಲ್ಲ."

ಅವಳ ಬೆರಳು ಹಿಡಿದು ನೋಡಿದೆ. ಚರ್ಮ ಬೆಳ್ಳಗಾಗಿತ್ತು. ನಾನು ಒತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ. ಒತ್ತುತ್ತಿದ್ದೇನೆಂದು ಗೊತ್ತಾಗಲು ಅವಳು ನನ್ನ ಕೈಯನ್ನು ನೋಡಬೇಕಾಯಿತು. ಬೇರೆ ಕಡೆ ಮುಖ ತಿರುಗಿಸಿ ಹರಳು ಆರಿಸುತ್ತಿದ್ದವಳು.

"ಎಷ್ಟು ದಿನ ಆತು?"

"ಏನಿಲ್ಲ. ಆರಾಮ ಅದ."

"ಅಕ್ಕಾ."

"ಹೇಳಿದಿ ಅಂದ್ರ ಔಷಧ ನಿಲ್ಲಿಸ್ತಾರ. ಅರ್ಧಕ್ಕ ಬಿಟ್ರ ಗಂಟು ಮತ್ತ ಬರ್ತದ. ಆಗ ಈ ಕೈ ತೊಗೊಂಡು ಏನ್ ಮಾಡ್ಲಿ? ಸುಮ್ಮನಿರು. ಬದನಿಕಾಯಿ ಕಪ್ಪಾಗಾಕತ್ತಾವ, ನೀರಾಗ ಹಾಕು."

ಬದನೆಕಾಯಿ ನೀರಿಗೆ ಹಾಕಿದೆ. ಮರುದಿನವೇ ಆಸ್ಪತ್ರೆ. ಕುಳಿತ ಕೂಡಲೇ ಡಾಕ್ಟರಿಗೆ ನಾನು ಎಲ್ಲವನ್ನೂ ಹೇಳಿದೆ. ಅವರು ಹತ್ತಿಯ ಕಡ್ಡಿಯಿಂದ ಅಕ್ಕನ ಬೆರಳ ತುದಿ ಮುಟ್ಟುತ್ತ ಗೊತ್ತಾಗುತ್ತದೆಯೇ ಎಂದು ಕೇಳಿದರು. ಅಕ್ಕ ಕಡ್ಡಿಯ ಮೇಲೆ ಕಣ್ಣಿಟ್ಟು, ಅದು ತಾಗಿದಾಗಲೆಲ್ಲ "ಹ್ಞಾಂರಿ, ಹ್ಞಾಂರಿ" ಎಂದಳು. ಕಣ್ಣು ಮುಚ್ಚಲು ಹೇಳಿದರು. ಮುಚ್ಚಿದಳು, ರೆಪ್ಪೆಯ ಸಂದಿಯಿಂದ ನೋಡಲು ಸಾಕಾಗುವಷ್ಟು ಬಿಟ್ಟು. ಮತ್ತೆ "ಆರಾಮ್ರಿ" ಎಂದು ಮುಷ್ಟಿ ಮಡಚಿಕೊಂಡಳು.

ಡಾಕ್ಟರು ನನ್ನ ಕಡೆ ನೋಡಿದರು. ಆರು ವಾರ ತೊಂದರೆಯಿಲ್ಲ ಎಂದು ನೀವೇ ಹೇಳಿದ್ದೀರಿ, ಪುಸ್ತಕದಲ್ಲೂ ಹಾಗೆಯೇ ಇದೆ, ಈಗ ಒಮ್ಮೆಲೇ ಬಹಳ ಇದೆ ಎನ್ನುತ್ತೀರಿ. ಯಾವ ಬೆರಳು, ಎಂದಿನಿಂದ, ಎಷ್ಟು ಎಂಬುದು ನನಗೆ ಅವರ ಬಾಯಿಂದ ಬೇಕು, ಅದನ್ನು ನೋಡಿಯೇ ಪ್ರಮಾಣ ನಿಶ್ಚಯಿಸಬೇಕು ಎಂದರು. ಪುಸ್ತಕ ಅವರ ಮೇಜಿನ ಮೇಲೆ ತೆರೆದಿತ್ತು. ಎಷ್ಟು ಚೆಂದದ ಅಕ್ಷರ.

ಆಗ ನಾನು ನನ್ನ ಜೀವಮಾನದಲ್ಲಿ ಯಾವ ಹುಡುಗಿಗೂ ಕೊಡದ ಅವಕಾಶವನ್ನು ಕೇಳಿದೆ.

"ಡಾಕ್ಟರ್, ದಯವಿಟ್ಟು ಫೈಲ್ ಮುಚ್ಚಿ. ಎದ್ದು ಬಾಗಿಲ ಹತ್ತಿರ ಹೋಗಿ. ಕೆಲಸ ಮುಗಿಯಿತು, ಹೊರಟಿದ್ದೀರಿ ಎನ್ನುವ ಹಾಗೆ."

ಅವರು ನನ್ನನ್ನು ನೋಡಿದರು. ಇನ್ನೊಬ್ಬ ರೋಗಿ ತಯಾರಾಗುತ್ತಿದ್ದಾಳೆ ಎಂದುಕೊಂಡರೇನೋ. ನಮ್ಮ ಕಡೆಯ ಪದ್ಧತಿಯನ್ನು ನಾಲ್ಕು ಮಾತಿನಲ್ಲಿ ತಿಳಿಸಿದೆ. ಅವರ ಮುಖ ಸ್ವಲ್ಪ ಸಡಿಲಾಯಿತು. ತಮ್ಮ ಅಜ್ಜಿಯೂ ಹಾಗೆಯೇ ಇದ್ದಳು ಎಂದರು. ಫೈಲ್ ಮುಚ್ಚಿ ಎದ್ದರು, ಎದೆಯ ಮೇಲೆ ಕೈಯಿಟ್ಟು ಅಕ್ಕನಿಗೆ ವಂದಿಸಿದರು, ಹೋಗಿ ಬಾಗಿಲು ತೆರೆದರು.

ಅಕ್ಕನೂ ಎದ್ದಳು. ಚಪ್ಪಲಿಯನ್ನು ಕಾಲಿನಿಂದ ತಡಕಾಡಿ, ಸಿಗದೆ, ಬಗ್ಗಿ ನೋಡಿ ಮೆಟ್ಟಿದಳು. ನಾಲ್ಕು ಹೆಜ್ಜೆ ನಡೆದು ಡಾಕ್ಟರ ಎದುರಿಗೆ ನಿಂತಳು.

"ಅದ ಖರೇರಿ ಸಾಹೇಬ್ರ..."

ಈ ಸಲ ನಾನು ತೋಳು ಹಿಡಿಯಲಿಲ್ಲ.

"ಎರಡನೇ ಖೀಮಾ ಆದಾಗಿಂದ ಕೈ ಜೋಮು ಹಿಡದಾವ್ರಿ. ಮೊದ್ಲ ಎಡಗೈ, ಆಮ್ಯಾಲ ಬಲಗೈ ಮೂರು ಬಟ್ಟು. ಜೀರಿಗಿ ಯಾವುದು, ಸಾಸಿವಿ ಯಾವುದು ಕೈಗಿ ಗೊತ್ತಾಗವಲ್ದು. ಗುಂಡಿ ಹಾಕಾಕ ಬರವಲ್ದು, ಅದಕ್ಕs ಪಿನ್ನು ಚುಚ್ಚಾಕತ್ತೀನಿ. ಪಿನ್ನು ಒಳಗ ಚುಚ್ಚಿದ್ರೂ ತಿಳಿಯಂಗಿಲ್ಲ, ರಕ್ತ ನೋಡಿ ತಿಳೀಬೇಕು. ಕಾಲಾಗ ಹತ್ತಿ ಕಟ್ಟಿದಂಗ ಆಗ್ಯಾದ. ನೆಲದ ಮ್ಯಾಲ ಸುಳ್ಳs ತಪ್ಪು ಹೊರಿಸೀನಿ. ಹೇಳಬೇಕಂತ ಭಾಳ ಸಲ ಮಾಡಿದೆ, ಈಕಿ ಎಳಕೊಂಡು ಹೋಗ್ತಾಳ್ರಿ."

ನಾನು ಒಂದೊಂದು ವಾಕ್ಯವನ್ನೂ ಅನುವಾದಿಸಿದೆ, ಕೊನೆಯದನ್ನೂ ಬಿಡದೆ. ಅದು ತಾನೇ ಮುಚ್ಚಿಕೊಳ್ಳುವ ಬಾಗಿಲು. ಡಾಕ್ಟರು ಅದನ್ನು ಭುಜದಿಂದ ತಡೆದು ನಿಂತು, ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ, ಫೈಲನ್ನು ಗೋಡೆಗೆ ಒತ್ತಿ ಬರೆದುಕೊಂಡರು. ಹೊರಗೆ ಮಂದಿ ನಿಂತಿದ್ದರು. ಹನ್ನೊಂದು ನಿಮಿಷವಾಯಿತು. ಗಡಿಯಾರ ನೋಡುವುದನ್ನು ಮಾತ್ರ ನನ್ನಿಂದ ಬಿಡಲಾಗಲಿಲ್ಲ.

ಔಷಧ ನಿಲ್ಲಿಸಲಿಲ್ಲ. ಆ ವಾರ ಬಿಟ್ಟು, ಮುಂದಿನ ವಾರದಿಂದ ಪ್ರಮಾಣ ಇಳಿಸಿ ಕೊಟ್ಟರು. ಬಾಕಿ ಉಳಿದದ್ದನ್ನು ಪೂರ್ತಿ ಮುಗಿಸುತ್ತೇವೆ ಎಂದು ಡಾಕ್ಟರು ಅಕ್ಕನ ಕಣ್ಣು ನೋಡಿಯೇ ಹೇಳಿದರು. ನಾನು ಅನುವಾದಿಸಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಇಷ್ಟs ಏನ? ಇದನ್ನ ಮೊದ್ಲs ಕೇಳಿ ತಿಳಕೊಂಡು ಹೇಳಬೇಕಿತ್ತಲ್ಲ ನೀ! ಓದಿದಾಕಿ ಅಂತ ಕರಕೊಂಡು ಬಂದ್ರ."

ಅಂದಿನಿಂದ ಡಾಕ್ಟರು ನಮ್ಮ ಪದ್ಧತಿಯಲ್ಲೇ ನೋಡತೊಡಗಿದರು. ಮೊದಲು ಕುಳಿತು ಪ್ರಶ್ನೆ, ಆಮೇಲೆ ಫೈಲ್ ಮುಚ್ಚಿ ಬಾಗಿಲು. ಅಕ್ಕನಿಗೆ ಇದರ ಗುಟ್ಟು ಎರಡನೇ ವಾರಕ್ಕೇ ತಿಳಿಯಿತು. ತನ್ನ ಮಾತಿಗೆ ಇಷ್ಟು ಬೆಲೆ ಇದೆಯೆಂದು ಗೊತ್ತಾದ ಮೇಲೆ ಅವಳು ಹೇಳುವುದನ್ನು ನಿಲ್ಲಿಸಲೇ ಇಲ್ಲ. ಬೆರಳು ಮುಗಿದು ಮೊಣಕಾಲು, ಮೊಣಕಾಲು ಮುಗಿದು ಸೊಸೆ ಹುಡುಕುವ ವಿಚಾರ. ಬಾಗಿಲಿಗೆಂದು ಡಾಕ್ಟರು ಏಳಹೋದರೆ, "ಕುಂದ್ರಿ ಸಾಹೇಬ್ರ, ಇನ್ನಾ ಮುಗಿದಿಲ್ಲ" ಎನ್ನುವಳು. ಇದನ್ನೂ ನಾನು ಅನುವಾದಿಸಬೇಕಾಗಿತ್ತು.

ಹನ್ನೆರಡೂ ಮುಗಿದವು. ಆಪರೇಷನ್ ಆಯಿತು. ಗಂಟು ಹೋಯಿತು, ಸುತ್ತಮುತ್ತ ಏನೂ ಉಳಿದಿಲ್ಲವೆಂದರು. ಎಂಟು ತಿಂಗಳ ಮೇಲೆ ಖರ್ಜೂರ, ಅತ್ತರು, ಹುಲಿ ಚಿತ್ರದ ಕಂಬಳಿಯೊಂದಿಗೆ ಸೇಡಂಗೆ ಬಂದಿಳಿದೆವು. ವಿದೇಶದ ನೀರಿಗೆ ಕೂದಲು ಉದುರಿದೆ ಎಂದು ಓಣಿಯವರು ತಾವೇ ತೀರ್ಮಾನಿಸಿದರು. ನಾವು ತಿದ್ದಲಿಲ್ಲ.

ಕಾಲು ಸುಧಾರಿಸಿವೆ. ಬಲಗೈಗೆ ಸ್ಪರ್ಶ ತಿರುಗಿ ಬಂದಿದೆ. ಎಡಗೈಯ ಕಿರುಬೆರಳು ಮತ್ತು ಅದರ ಪಕ್ಕದ್ದು ಬಂದಿಲ್ಲ. ಮೂರನೇ ವಾರದಲ್ಲೇ ತಿಳಿದಿದ್ದರೆ ಅವೂ ಉಳಿಯುತ್ತಿದ್ದವೇ ಎಂದು ಕೊನೆಯ ದಿನ ಡಾಕ್ಟರನ್ನು ಕೇಳಿದೆ. ಹಾಗೆ ಖಚಿತವಾಗಿ ಹೇಳಲಾಗದು ಎಂದರು. ಸಭ್ಯ ಮನುಷ್ಯ. ಅಕ್ಕ ಅಷ್ಟು ಸಭ್ಯಳಲ್ಲ. ರೊಟ್ಟಿ ಒಂದು ಮಗ್ಗುಲಿಗೆ ದಪ್ಪವಾದಾಗಲೆಲ್ಲ ಅದನ್ನು ನನ್ನ ತಾಟಿಗೇ ಹಾಕುತ್ತಾಳೆ.

"ತಿನ್ನು. ನೀ ಎಳಕೊಂಡು ಹೋದ ನಾಕು ವಾರದ ರೊಟ್ಟಿ ಇದು."

ತಿನ್ನುತ್ತೇನೆ.

ಈಗ ಅವಳು ಚಿತ್ತಾಪುರದಲ್ಲಿ ನನ್ನ ಜೊತೆಗಿದ್ದಾಳೆ. ಕಳೆದುಕೊಂಡ ಸ್ಪರ್ಶ ನಿಧಾನವಾಗಿ, ವರ್ಷದ ಮೇಲೂ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಆದ್ದರಿಂದ ದಿನವೂ ಆರಕ್ಕೆ ಅವಳ ಕಣ್ಣಿಗೆ ಟವೆಲ್ ಕಟ್ಟುತ್ತೇನೆ. ಎಡಗೈ ತೊಡೆಯ ಮೇಲಿಟ್ಟುಕೊಂಡು ಆ ಎರಡು ಬೆರಳ ತುದಿಯನ್ನು ಪೆನ್ಸಿಲಿನಿಂದ ಮುಟ್ಟುತ್ತೇನೆ. 'ಇಲ್ಲ' ಎನ್ನುತ್ತಾಳೆ, ಮತ್ತೆ 'ಇಲ್ಲ'. ಹಾಗೆ ಕೇಳುವಾಗ ನನ್ನ ಮುಖ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಟವೆಲ್ ಬಿಚ್ಚಿದ ಮೇಲೆ ಅವಳು ಮೊದಲು ನೋಡುವುದು ಅದನ್ನೇ.

ನಿನ್ನೆ ಟವೆಲ್ ಕಟ್ಟಿ, ಪೆನ್ಸಿಲ್ ಎತ್ತಿಕೊಳ್ಳುತ್ತ ಅಭ್ಯಾಸಬಲದಿಂದ ಕೇಳಿದೆ, "ಹತ್ತಿತೇನ?"

"ಹ್ಞೂಂ, ಹತ್ತಿತು ತಂಗಿ," ಅಂದಳು. "ಕಿರಿಬಟ್ಟಿಗಿ. ಸ್ವಚ್ಛ ಹತ್ತಿತು."

ನಾನಿನ್ನೂ ಮುಟ್ಟಿರಲಿಲ್ಲ.